ಹಿರೇಕಲ್ಲಾಪುರದ ಹತ್ತೊಂಬತ್ತು ಕಾಕಾಗಳು

ಎರಡು ಸಾವಿರದ ನಲವತ್ತೊಂದನೇ ಇಸವಿಯ ನವೆಂಬರ್ ತಿಂಗಳು, ಸೋಮವಾರ. ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಬಂದು ಕೂತು ಒಂದು ತಾಸು ಆಗಿರಲಿಲ್ಲ, ಹಿರೇಕಲ್ಲಾಪುರದ ಸರಕಾರಿ ಶಾಲೆಯ ಐದನೇ ತರಗತಿಯ ಗೋಡೆಯ ಮೇಲಿದ್ದ ಜೋಳಿಗೆ ಕೆಂಪಗಾಯಿತು.

ಜೋಳಿಗೆ ಅಂದರೆ ಜಂಗಮರ ಜೋಳಿಗೆಯಲ್ಲ. ಸರಕಾರದ ಕಾಗದದಲ್ಲಿ ಅದಕ್ಕೆ ‘ವಾಯುಗತ ರೋಗಾಣು ಪೂರ್ವಸೂಚನಾ ಘಟಕ’ ಎಂದು ಹೆಸರು. ಅಷ್ಟುದ್ದದ ಹೆಸರನ್ನು ನಾಲಿಗೆಯ ಮೇಲೆ ಹೊರಳಿಸುವ ವ್ಯವಧಾನ ಯಾರಿಗಿದೆ ಹೇಳಿ? ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ದಿನವಿಡೀ ತರಗತಿಯ ಗಾಳಿಯನ್ನು ಚೂರುಚೂರೇ ಬೇಡಿ ಒಳಗೆ ಹಾಕಿಕೊಳ್ಳುತ್ತದೆ. ಅದಕ್ಕೇ ಜನ ಜೋಳಿಗೆ ಎಂದರು, ಆ ಹೆಸರೇ ನಿಂತಿತು. ಒಳಗೆ ಒಂದು ತೆಳುವಾದ ಒದ್ದೆ ಹಾಳೆ. ಗಾಳಿಯಲ್ಲಿ ತೇಲುವ ರೋಗಾಣು ಅದಕ್ಕೆ ಅಂಟಿಕೊಂಡರೆ ಸಾಕು, ನಲವತ್ತು ನಿಮಿಷದಲ್ಲಿ ಅದರ ಜಾತಕವನ್ನೇ ಓದಿ ಹೇಳುತ್ತದೆ: ಯಾವ ರೋಗ, ಯಾವ ತಳಿ, ಯಾವ ಗುಳಿಗೆಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ.

ತಾಲೂಕಿನ ಆಸ್ಪತ್ರೆಯಲ್ಲಿ ‘ಗಾಳಿಕೋಣೆ’ ಎಂದೊಂದು ಕೋಣೆ. ಸುತ್ತಲಿನ ಹಳ್ಳಿಗಳದೂ ಸೇರಿ ನಲವತ್ತೊಂದು ಜೋಳಿಗೆಗಳ ದೀಪ ಅಲ್ಲಿ ಗೋಡೆಯ ಮೇಲೆ ಹಸಿರಾಗಿ ಮಿನುಗುತ್ತಿರುತ್ತವೆ. ಅದನ್ನು ನೋಡಿಕೊಳ್ಳುವವಳು ದ್ರಾಕ್ಷಾಯಣಿ, ವಯಸ್ಸು ಮೂವತ್ತೆರಡು. ಎರಡು ವರ್ಷ ಹಸಿರನ್ನೇ ನೋಡಿ ನೋಡಿ ಅವಳಿಗೆ ಕಣ್ಣು ಬೇನೆ ಬಂದಿತ್ತು. ಆವತ್ತು ಕೆಂಪು ಕಂಡದ್ದೇ ತಡ, ಕೈಯಲ್ಲಿದ್ದ ಚಹಾ ಮಡಿಲ ಮೇಲೆ ಚೆಲ್ಲಿಕೊಂಡು “ಬಂತು! ಬಂತು!” ಎಂದು ಕೂಗಿಯೇಬಿಟ್ಟಳು. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಕ್ಕಳ ತರಗತಿಯಲ್ಲಿ ಕ್ಷಯದ ರೋಗಾಣು ಸಿಕ್ಕರೆ ಕುಣಿಯುವಂಥದ್ದು ಏನಿದೆ? ಆದರೂ ಅವಳ ಎದೆ ಡವಡವ ಅನ್ನುತ್ತಲೇ ಇತ್ತು, ಸುಳ್ಳು ಯಾಕೆ ಹೇಳಬೇಕು.

ಮಧ್ಯಾಹ್ನಕ್ಕೆ ಜಿಲ್ಲೆಯಿಂದ ಕ್ಷಯರೋಗ ಅಧಿಕಾರಿ ಡಾಕ್ಟರ್ ರುಕ್ಸಾರ್ ನದಾಫ್ ಬಂದಿಳಿದರು. ಐದಡಿಯೂ ಇಲ್ಲದ ಹೆಂಗಸು, ನಡೆದರೆ ಹಿಂದಿನವರು ಓಡಬೇಕು. ಶಾಲೆಯ ಇನ್ನೂರ ಹನ್ನೆರಡು ಮಕ್ಕಳಿಗೂ ಉಸಿರುಪಟ್ಟಿ ಕಟ್ಟಿಸಿದರು. ಅದು ಮೂಗುಬಾಯಿ ಮುಚ್ಚುವ ಬಟ್ಟೆಯೇ, ಒಳಗೆ ಮಾತ್ರ ಜೋಳಿಗೆಯದೇ ಒದ್ದೆ ಹಾಳೆ. ಒಂದು ತಾಸು ಕಟ್ಟಿಕೊಂಡು ಕೂತರೆ ಅವರವರ ಉಸಿರಿನಲ್ಲಿ ಏನಿದೆ ಎಂದು ತಿಳಿಯುತ್ತದೆ. ಮಕ್ಕಳಿಗೇನು, ಹಬ್ಬ! ಗಣಿತದ ಪಾಠ ತಪ್ಪಿತಲ್ಲ.

ಮರುದಿನ ಹತ್ತು ಗಂಟೆಗೆ ಲೆಕ್ಕ ಸಿಕ್ಕಿತು. ಹದಿಮೂರು ಮಕ್ಕಳು. ಐದನೇ ತರಗತಿಯವರಷ್ಟೇ ಅಲ್ಲ, ನಾಲ್ಕರಿಂದ ಏಳರವರೆಗೆ ಹಂಚಿಹೋಗಿದ್ದರು. ಹುಡುಗರು ಎಂಟು, ಹುಡುಗಿಯರು ಐದು. ಯಾರಿಗೂ ರೋಗ ಇನ್ನೂ ಬಲಿತಿರಲಿಲ್ಲ. ತಳಿ ಹಳೆಯದು, ಗುಳಿಗೆಗೆ ಬಗ್ಗುವಂಥದ್ದು. ಅಷ್ಟರ ಮಟ್ಟಿಗೆ ಪುಣ್ಯ.

“ಮಕ್ಕಳಿಗೆ ಇವತ್ತ ಗುಳಿಗಿ ಶುರು ಮಾಡೂಣು,” ಎಂದರು ನದಾಫ್. “ಅದೇನ್ ದೊಡ್ಡ ಮಾತಲ್ಲ. ಇವಕ್ಕ ಹಚ್ಚಿದಾವ್ರು ಯಾರು ಅನ್ನೂದು ದೊಡ್ಡ ಮಾತು. ಪರದೆ ಮ್ಯಾಲೆ ಹಾಕ್ರಿ ನೋಡೂಣು.”

ದ್ರಾಕ್ಷಾಯಣಿ ಹದಿಮೂರು ರೋಗಾಣುಗಳ ಜಾತಕವನ್ನು ಪಕ್ಕಪಕ್ಕಕ್ಕೆ ಇಟ್ಟಳು. ಇದರ ಗುಟ್ಟು ಸರಳ. ರೋಗಾಣು ಒಂದಕ್ಕೆರಡಾಗುವಾಗ ತನ್ನ ಜಾತಕವನ್ನು ತಾನೇ ನಕಲು ಮಾಡಿಕೊಳ್ಳುತ್ತದೆ, ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ನಾನು ತಪ್ಪು ಬರೆದದ್ದನ್ನು ನೀವು ನಕಲು ಮಾಡಿದರೆ ನನ್ನ ತಪ್ಪೂ ನಿಮ್ಮ ಹಾಳೆಗೆ ಬರುತ್ತದಲ್ಲ, ಹಾಗೆ. ತಪ್ಪುಗಳ ಜಾಡು ಹಿಡಿದರೆ ಯಾರಿಂದ ಯಾರಿಗೆ ಹೋಯಿತೆಂದು ಗೊತ್ತಾಗುತ್ತದೆ. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಮೂಡಿದವು. ಮಗುವಿನಿಂದ ಮಗುವಿಗೆ ಒಂದೂ ಗೆರೆ ಇಲ್ಲ! ಹದಿಮೂರೂ ನಟ್ಟನಡುವಿನ ಒಂದೇ ಖಾಲಿ ಚುಕ್ಕೆಗೆ ಹೋಗಿ ಸೇರಿದವು.

“ಒಬ್ಬರ!” ದ್ರಾಕ್ಷಾಯಣಿ ಕುರ್ಚಿಯಿಂದ ಎದ್ದೇ ನಿಂತಳು. “ಮೇಡಂ, ಹದಿಮೂರು ಮಕ್ಕಳಿಗೂ ಹಚ್ಚಿದಾವ್ರು ಒಬ್ಬರ ಅದಾರ್ರಿ!”

“ಹೌದು. ಆದರ ಇಲ್ಲಿ ನೋಡ್ರಿ.” ನದಾಫ್ ಬೆರಳು ಒಂದೊಂದೇ ಗೆರೆಯ ಮೇಲೆ ಹರಿದಾಡಿತು. “ಈ ನಾಕು ಮಕ್ಕಳದು ಒಂದು ನಮೂನಿ, ಈ ಆರು ಮಕ್ಕಳದು ಇನ್ನೊಂದು ನಮೂನಿ, ಉಳದದ್ದು ಮತ್ತೊಂದು. ಒಬ್ಬರ ಎದಿಯೊಳಗ ಇಷ್ಟು ಕವಲು ಒಡೀಬೇಕಂದ್ರ ಎರಡು ವರ್ಷ ಆದ್ರೂ ಬೇಕು. ಎರಡು ವರ್ಷದಿಂದ ಔಷಧ ಇಲ್ಲದ ತಿರಗ್ಯಾಡಾಕತ್ತದ ಆ ಜೀವ. ಒಳಗ ಅರ್ಧ ಪೊಳ್ಳಾಗಿರತೈತಿ. ಜಲ್ದಿ ಸಿಗಲಿಲ್ಲಂದ್ರ ಇನ್ನಷ್ಟು ಮಕ್ಕಳಿಗೂ ಹತ್ತತೈತಿ, ಆ ಮನಷ್ಯಾನೂ ಉಳಿಯಾಂಗಿಲ್ಲ. ಎರಡು ತಿಂಗಳು, ಬಾಳಂದ್ರ ಮೂರು.”

ಪರದೆಯ ನಡುವಿನ ಆ ಖಾಲಿ ಚುಕ್ಕೆ ದ್ರಾಕ್ಷಾಯಣಿಯ ಕಣ್ಣಲ್ಲಿ ಕೂತುಬಿಟ್ಟಿತು. ಹೆಸರಿಲ್ಲ, ಮುಖವಿಲ್ಲ, ಆದರೆ ಈ ಹೊತ್ತು ಊರಲ್ಲೇ ಎಲ್ಲೋ ಕೂತು ಉಸಿರಾಡುತ್ತಿರುವ ಒಬ್ಬ ಮನುಷ್ಯ. ಶಿಕ್ಷಕರ ಉಸಿರು ನೋಡಿದರು, ಶುದ್ಧ. ಬಿಸಿಯೂಟದವರದು, ಶುದ್ಧ. ಅಂದಮೇಲೆ ರೋಗ ಶಾಲೆಯಲ್ಲಿ ಹತ್ತಿದ್ದಲ್ಲ. ಹದಿಮೂರು ಮಕ್ಕಳೂ ಶಾಲೆಯ ಹೊರಗೆ ಎಲ್ಲಿ ಒಟ್ಟಿಗೆ ಸೇರುತ್ತಾರೆ? ಅದನ್ನು ಹುಡುಕುವುದಕ್ಕೂ ಯಂತ್ರವಿತ್ತು. ಅದು ಮಕ್ಕಳ ಜೊತೆ ಕೂತು ಮಾತಾಡುತ್ತದೆ: ನಿನ್ನೆ ಯಾರ ಮನೆಗೆ ಹೋಗಿದ್ದಿ, ಯಾರ ಹತ್ತಿರ ಕೂತಿದ್ದಿ, ಎಷ್ಟು ಹೊತ್ತು. ಉತ್ತರಗಳನ್ನೆಲ್ಲ ಹೆಣೆದು ಸಂಬಂಧಗಳ ಒಂದು ಬಲೆ ಮಾಡಿ ಕೊಡುತ್ತದೆ. ಅಂದೇ ಅದಕ್ಕೆ ಮಕ್ಕಳನ್ನು ಒಪ್ಪಿಸಿ ಅವಳು ಮನೆಗೆ ಹೋದಳು.

ಮನೆಯಲ್ಲಿ ಇರುವವರು ಇಬ್ಬರೇ, ಅವಳು ಮತ್ತು ಅವಳ ತಂದೆ ಯಮನೂರಪ್ಪ. ತಾಯಿ ತೀರಿಕೊಂಡು ಆರು ವರ್ಷ. ಯಮನೂರಪ್ಪ ಇಪ್ಪತ್ತೈದು ವರ್ಷ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿದವನು. ಊರಿನ ಅರ್ಧ ಗಂಡಸರ ಹಾಗೆ ಅವನ ಎದೆಯಲ್ಲೂ ಕಲ್ಲಿನ ಧೂಳು, ಬಾಯಲ್ಲಿ ಸದಾ ಕೆಮ್ಮು. ಕೆಲಸ ಬಿಟ್ಟ ಮೇಲೆ ಅಡುಗೆಮನೆ ಅವನದೇ. ಜೋಳದ ರೊಟ್ಟಿ ಬಡಿಯುವುದರಲ್ಲಿ ಮಗಳಿಗಿಂತ ಎಷ್ಟೋ ವಾಸಿ, ಅದನ್ನು ದಿನಕ್ಕೊಮ್ಮೆಯಾದರೂ ಹೇಳಿ ಅಣಕಿಸದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ.

“ಇವತ್ತರ ಹೊತ್ತಿಗಿ ಸರಿಯಾಗಿ ಬಂದೀಯಲ್ಲ ಯವ್ವಾ,” ಎಂದು ತಾಟು ಮುಂದಿಟ್ಟ. “ಸಿಕ್ಕನೇನು ನಿಮ್ಮ ಕಳ್ಳ?”

“ಸಿಗತಾನ, ಎಲ್ಲಿ ಹೋಗತಾನ.” ರೊಟ್ಟಿ ಮುರಿಯುತ್ತ ಅವಳು ಆ ಖಾಲಿ ಚುಕ್ಕೆಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ಕಣ್ಣರಳಿಸಿ ಕೇಳಿದ. ನಡುವೆ ಎರಡು ಸಲ ಕೆಮ್ಮಿ ಸೆರಗಿನಂತೆ ಟವೆಲು ಬಾಯಿಗೆ ಒತ್ತಿಕೊಂಡ.

“ಹದಿಮೂರು ಕೂಸುಗಳಿಗೆ ಹಚ್ಯಾನಂದ್ರ!” ಅವನ ದನಿ ಏರಿತು. “ಗೊತ್ತಿದ್ದೂ ಮುಚ್ಚಿಟ್ಟಿರತಾನ ಬೇಕಾದ್ರ. ಅಂಥಾವಂಗ ಊರು ಬಿಡಸಬೇಕ ನೋಡು. ಮಕ್ಕಳ ಮುಂದ ಕೆಮ್ಮತಾನಂದ್ರ ಮನಷ್ಯಾನ ಅವಾ?”

“ಗೊತ್ತಿರೂದಿಲ್ಲ ಅವಂಗ, ಪಾಪ,” ಎಂದಳು ದ್ರಾಕ್ಷಾಯಣಿ. “ನೀನೂ ಒಮ್ಮೆ ಬಂದು ತೋರಿಸ್ಕೋ.”

“ನನ್ನದ ಧೂಳಿನ ಪಟ್ಟಿಯೊಳಗ ಐತಲ್ಲ, ನೀನ ಬರಿಸೀದಿ. ಉಣ್ಣು ಮೊದಲ.”

ಮಾತು ನಿಜವೇ. ಮೂರು ವರ್ಷದ ಹಿಂದೆ ಅವನ ಎಕ್ಸ್‌ರೇ ತೆಗೆಸಿದವಳು ಅವಳೇ. ಕಲ್ಲು ಕೆಲಸದವರ ಎದೆಯ ಚಿತ್ರ ನೋಡಿದಾಗಲೆಲ್ಲ ಯಂತ್ರ ‘ಕ್ಷಯ, ಕ್ಷಯ’ ಎಂದು ಸುಮ್ಮನೆ ಬೊಬ್ಬೆ ಹಾಕುತ್ತಿದ್ದುದರಿಂದ ಅಂಥ ನಾನೂರು ಜನರ ಹೆಸರನ್ನು ಬೇರೆ ಪಟ್ಟಿ ಮಾಡಿ, ಇವರ ನೆರಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ಹೇಳಲಾಗಿತ್ತು. ಅಂದಿನಿಂದ ಆ ನಾನೂರು ಜನರ ಕೆಮ್ಮನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಬುಧವಾರ ಬಲೆ ತಯಾರಾಯಿತು. ನೋಡಿದರೆ, ಅಬ್ಬಬ್ಬಾ! ಹದಿಮೂರಕ್ಕೆ ಹದಿಮೂರೂ ಮಕ್ಕಳು ಹೇಳಿದ್ದು ಒಂದೇ ಮಾತು: ಸಂಜೆ ಕಾಕಾನ ಮನೆಗೆ ಹೋಗುತ್ತೇವೆ.

ಬೆಂಗಳೂರಿನಿಂದ ಬಂದಾಗ ಈ ಯಂತ್ರಕ್ಕೆ ಚಿಕ್ಕಪ್ಪ, ದೊಡ್ಡಪ್ಪ, ಅತ್ತಿಗೆ ಇಷ್ಟೇ ಗೊತ್ತಿತ್ತು. ಕಾಕಾ ಅಂದರೆ ಕಾಗೆಯ ಕೂಗು ಎಂದು ಬರೆದುಕೊಳ್ಳುತ್ತಿತ್ತು, ಅತ್ತಿಗೆಗೆ ವೈನಿ ಅಂದರೆ ಕಿವಿಯನ್ನೇ ಮುಚ್ಚಿಕೊಳ್ಳುತ್ತಿತ್ತು. ಹೋದ ವರ್ಷ ದ್ರಾಕ್ಷಾಯಣಿಯೇ ಕೂತು ಈ ಸೀಮೆಯ ನೆಂಟಸ್ತಿಕೆಯ ಮಾತುಗಳನ್ನೆಲ್ಲ ಅದಕ್ಕೆ ಕಲಿಸಿದ್ದಳು. ಕಾಕಾ ಅಂದರೆ ತಂದೆಯ ತಮ್ಮ, ಕುಟುಂಬದವನು. ಆ ಕೆಲಸಕ್ಕೆ ಅವಳಿಗೊಂದು ಪ್ರಶಸ್ತಿಪತ್ರವೂ ಸಿಕ್ಕಿ ಗಾಳಿಕೋಣೆಯ ಗೋಡೆಗೆ ತೂಗುತ್ತಿತ್ತು. ಯಂತ್ರ ಕಲಿತದ್ದನ್ನು ಮರೆಯಲಿಲ್ಲ: ಒಂದೊಂದು ಮಗುವಿಗೂ ಅದರ ಅಪ್ಪನ ತಮ್ಮಂದಿರನ್ನೆಲ್ಲ ಪಡಿತರ ಚೀಟಿಯಲ್ಲಿ ಹುಡುಕಿ ಹೆಸರು, ವಿಳಾಸ ಸಮೇತ ಕೊಟ್ಟಿತು. ಒಟ್ಟು ಹತ್ತೊಂಬತ್ತು ಕಾಕಾಗಳು.

ಎರಡು ದಿನ ಊರಲ್ಲಿ ಕಾಕಾಗಳ ಬೇಟೆ! ಹೊಲದಲ್ಲಿದ್ದ ಕಾಕಾ, ಬಸ್ ಓಡಿಸುತ್ತಿದ್ದ ಕಾಕಾ, ಕ್ಷೌರದ ಅಂಗಡಿಯಲ್ಲಿ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತಿದ್ದ ಕಾಕಾ, ಯಾರನ್ನೂ ಬಿಡಲಿಲ್ಲ. ಒಬ್ಬ ಕಾಕಾನಿಗೆ ಹನ್ನೊಂದೇ ವಯಸ್ಸು, ಆರನೇ ತರಗತಿ, ಅಣ್ಣನ ಮಗ ಅವನಿಗಿಂತ ಒಂದು ವರ್ಷ ದೊಡ್ಡವನು. ಎಲ್ಲರಿಗೂ ಉಸಿರುಪಟ್ಟಿ, ಎಲ್ಲರಿಗೂ ಎಕ್ಸ್‌ರೇ. ಶುಕ್ರವಾರ ಮಧ್ಯಾಹ್ನ ಕೊನೆಯ ಕಾಕಾನ ಫಲಿತಾಂಶ ಬಂತು. ಹತ್ತೊಂಬತ್ತೂ ಶುದ್ಧ. ಮೇಲಿನವರು ಫೋನ್ ಮಾಡಿ, ಸೋಮವಾರದೊಳಗೆ ಮೂಲ ಸಿಗದಿದ್ದರೆ ಊರಿನ ಶಾಲೆಗಳನ್ನೆಲ್ಲ ಮುಚ್ಚಿಸಿ ಎಂದರು.

“ಶಾಲಿ ಮುಚ್ಚಿದ್ರ ಮಕ್ಕಳು ಇಡೀ ದಿನಾ ಆ ರೋಗದ ಬಾಜೂಕ ಕುಂದರತಾವ!” ನದಾಫ್ ಫೋನ್ ಇಟ್ಟು ಮೇಜು ಗುದ್ದಿದರು. “ಯಂತ್ರ ಸುಳ್ಳು ಹೇಳಾಕತ್ತದೋ, ಮಕ್ಕಳು ಸುಳ್ಳು ಹೇಳಾಕತ್ತಾವೋ?”

ಅದೇ ಹೊತ್ತಿಗೆ ಹೊರಗೆ ಗದ್ದಲ. ಐದನೇ ತರಗತಿಯ ಕಸ್ತೂರಿ ಎಂಬ ಹುಡುಗಿಯನ್ನು ರಟ್ಟೆ ಹಿಡಿದು ಎಳೆದುಕೊಂಡು ಅವಳ ಅಪ್ಪ ಫಕೀರಪ್ಪ ಬಂದಿದ್ದ. ಕಲ್ಲುಕ್ವಾರಿಯ ಆಳು, ಸಿಟ್ಟಿನಲ್ಲಿ ಮೀಸೆ ನಡುಗುತ್ತಿತ್ತು.

“ಏನ್ರೀ ಇದು ನಿಮ್ಮ ಹಕೀಕತ್ತು?” ಕೈಯಲ್ಲಿದ್ದ ಕಾಗದ ಮೇಜಿನ ಮೇಲೆ ಒಗೆದ. “ನಿಮ್ಮ ಮಂದಿ ಬರದಾರ, ಹುಡುಗಿ ಕಾಕಾನ ಮನಿಗೆ ಹೋಗತೈತಿ ಅಂತ ಹೇಳತೈತಿ, ಅಪ್ಪ ಕಾಕಾನ್ನ ಮುಚ್ಚಿಟ್ಟಾನ ಅಂತ. ನಮ್ಮಪ್ಪಗ ನಾ ಒಬ್ಬನ ಮಗಾ ರೀ! ನನ್ನ ಮಗಳಿಗೆ ಕಾಕಾ ಎಲ್ಲಿಂದ ಹುಟ್ಟಿ ಬರಬೇಕು?”

ನದಾಫ್ ಬಾಯಿ ತೆರೆಯುವ ಮೊದಲೇ ದ್ರಾಕ್ಷಾಯಣಿ ಎದ್ದು ಬಂದಳು. ಅಪ್ಪನಿಗೆ ತಮ್ಮನೇ ಇಲ್ಲ, ಆದರೂ ಕಾಕಾ ಇದ್ದಾನೆ! ಅವಳು ಕಸ್ತೂರಿಯನ್ನು ಹತ್ತಿರ ಕರೆದು ಕೂರಿಸಿಕೊಂಡಳು. ಯಂತ್ರ ಬೇಡ, ಕಾಗದ ಬೇಡ.

“ಕಾಕಾ ಅಂದ್ರ ಯಾರವ್ವಾ ಕಸ್ತೂರಿ?”

“ಕಾಕಾ ಅಂದ್ರ ಕಾಕಾರೀ,” ಎಂದಳು ಹುಡುಗಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

“ಹೆಸರೇನು?”

“ಕಾಕಾ.”

“ಮತ್ತ ಅವರ ಮನಿ ಹೆಂಗೈತಿ?”

“ಬಾಗ್ಲಾ ಇಷ್ಟ ಐತ್ರಿ, ಬಗ್ಗಿ ಹೋಗಬೇಕು. ಕಿಟಕಿ ಇಲ್ಲ. ಮಣ್ಣು ತಣ್ಣಗಿರತೈತಿ.” ಹುಡುಗಿ ಅಪ್ಪನ ಕಡೆ ಓರೆಯಾಗಿ ನೋಡಿ ದನಿ ತಗ್ಗಿಸಿದಳು. “ಏನ್ ಮಾಡತೀವಿ ಅಂತ ಮಾತ್ರ ಕೇಳಬ್ಯಾಡ್ರಿ. ಡಾವು ಹೊರಗ ಹೇಳಬಾರ್ದು ಅಂದಾರ ಕಾಕಾ.”

ಡಾವು! ಕುಸ್ತಿಯ ಪಟ್ಟುಗಳಿಗೆ ಈ ಕಡೆ ಡಾವು ಎನ್ನುತ್ತಾರೆ. ಕಿಟಕಿಯಿಲ್ಲದ, ಬಗ್ಗಿ ನುಗ್ಗಬೇಕಾದ, ಒಳಗೆ ಕೆಮ್ಮಣ್ಣು ಹಾಸಿದ ಮನೆ ಅಂದರೆ ಗರಡಿ, ಮತ್ತೇನು? ಹಿಂದಿನವರು ಗರಡಿಗೆ ಕಿಟಕಿ ಇಡುತ್ತಿರಲಿಲ್ಲ. ಗಾಳಿ ಆಡಿದರೆ ಮಣ್ಣು ಒಣಗುತ್ತದೆ, ಬೆವರು ಆರುತ್ತದೆ, ಮೈ ಹಿಡಿದುಕೊಳ್ಳುತ್ತದೆ ಎಂದು. ಒಳಗೆ ಕಲಿತ ಪಟ್ಟು ಎದುರಾಳಿಯ ಕಿವಿಗೆ ಬೀಳಬಾರದೆಂದು ಹೊರಗೆ ಅದರ ಮಾತೇ ಆಡುವುದಿಲ್ಲ. ಕಿಟಕಿಯಿಲ್ಲದ ಕೋಣೆ, ಏದುಸಿರು ಬಿಡುವ ಮಕ್ಕಳು, ಒಬ್ಬ ಕೆಮ್ಮುವ ಉಸ್ತಾದ. ಕ್ಷಯಕ್ಕೆ ಇದಕ್ಕಿಂತ ಒಳ್ಳೆಯ ಅರಮನೆಯನ್ನು ಬೇಕೆಂದರೂ ಕಟ್ಟಿಕೊಡುವುದು ಸಾಧ್ಯವಿಲ್ಲ.

ಇಲ್ಲಿಯವರೆಗೆ ನಿಮಗೊಂದು ಮಾತು ಹೇಳದೆ ಉಳಿಸಿಕೊಂಡಿದ್ದೆ. ದ್ರಾಕ್ಷಾಯಣಿ ಹುಟ್ಟಿದ್ದು ಕೂಡುಕುಟುಂಬದಲ್ಲಿ. ದೊಡ್ಡಪ್ಪನ ಐದು ಮಕ್ಕಳು ಯಮನೂರಪ್ಪನನ್ನು ಏನೆಂದು ಕರೆಯುತ್ತಿದ್ದರೋ, ಅವರ ಕಂಕುಳಲ್ಲಿ ಬೆಳೆದ ಈ ಕೂಸೂ ಅದನ್ನೇ ಕಲಿಯಿತು. ಆ ಕಡೆಯ ಎಷ್ಟೋ ಮನೆಗಳಲ್ಲಿ ಹಾಗೆಯೇ. ಹೆತ್ತ ಅಪ್ಪನನ್ನು ಅವಳು ಅಪ್ಪಾ ಎಂದು ಒಮ್ಮೆಯೂ ಕರೆದವಳಲ್ಲ. ಮೂವತ್ತೆರಡು ವರ್ಷ ಕರೆದದ್ದು ಕಾಕಾ ಎಂದು. ಊರವ್ವನ ಗುಡಿಯ ಹಿಂದಿನ ಹಾಳು ಗರಡಿಯ ಕಸ ಗುಡಿಸಿ, ‘ಸಂಜೀಕ ಹೊತ್ತು ಹೋಗೂದಿಲ್ಲ, ನಾಕು ಹುಡುಗ್ರನ್ನ ಆಡಸತೇನಿ’ ಎಂದು ಎರಡು ವರ್ಷದ ಹಿಂದೆ ಹೇಳಿದ್ದವನೂ ಅವನೇ. ನಾಕು ಹುಡುಗರಂತೆ! ಯಂತ್ರಕ್ಕೆ ಕಾಕಾ ಅಂದರೆ ಅಪ್ಪನ ತಮ್ಮ ಎಂದು ಕಲಿಸುವಾಗ, ತಾನು ಕಾಕಾ ಎನ್ನುವುದು ಯಾರಿಗೆ ಎಂಬುದು ಅವಳ ತಲೆಗೇ ಹೊಳೆದಿರಲಿಲ್ಲ.

ಗೋಡೆಯ ಗಡಿಯಾರ ಐದೂಕಾಲು ತೋರಿಸುತ್ತಿತ್ತು. ಗರಡಿಯ ಹೊತ್ತು.

“ದ್ರಾಕ್ಷಾಯಣಿ ಅವ್ರ? ಯಾಕ್ರೀ, ಬೆಳ್ಳಗಾದ್ರಿ?” ಎನ್ನುತ್ತಿದ್ದರು ನದಾಫ್. ಅವಳು ಎರಡು ಉಸಿರುಪಟ್ಟಿ ಕಸಿದುಕೊಂಡು ಹೊರಗೆ ಓಡಿದಳು. ಸ್ಕೂಟಿ ಹತ್ತಿ ಊರವ್ವನ ಗುಡಿಯ ಕಡೆ ತಿರುಗಿಸಿದಳು. ಬೇರೆ ಯಾರಾದರೂ ಆಗಿರಲಿ ಎಂದು ಬಜಾರು ದಾಟುವವರೆಗೂ ಬೇಡಿಕೊಂಡಳು. ದಾಟಿದ ಮೇಲೆ, ಬೇಗ ಹೋಗಬೇಕು, ಬೇಗ ಸಿಗಬೇಕು ಎಂಬುದೊಂದೇ ಉಳಿಯಿತು.

ಗರಡಿಯ ಬಾಗಿಲು ದೂಡಿದಳು. ಒಂದೇ ಒಂದು ಬಲ್ಬಿನ ಮಂದ ಬೆಳಕು, ಎಣ್ಣೆಯ, ಬೆವರಿನ, ಹಸಿ ಮಣ್ಣಿನ ವಾಸನೆ. ಮಣ್ಣಿನಲ್ಲಿ ಹೊರಳಾಡುತ್ತಿದ್ದ ಮಕ್ಕಳ ತಲೆ ಎಣಿಸಲು ಹೋಗಿ ಹದಿನೈದಕ್ಕೆ ನಿಲ್ಲಿಸಿದಳು. ನಡುವೆ ಟವೆಲು ಕಟ್ಟಿಕೊಂಡು ಯಮನೂರಪ್ಪ, “ಕಾಲು ಹಾಕಲೇ, ಕಾಲು ಹಾಕು!” ಎಂದು ಕೂಗಿ, ಕೂಗಿದ್ದಕ್ಕೆ ಕೆಮ್ಮಿ, ಕೆಮ್ಮುತ್ತಲೇ ನಗುತ್ತಿದ್ದ.

“ಕಾಕಾ!” ದ್ರಾಕ್ಷಾಯಣಿಯ ದನಿ ಗೋಡೆಗೆ ಬಡಿಯಿತು. “ಎಲ್ಲಾರೂ ಹೊರಗ ನಡೀರಿ. ಬಯಲಿಗೆ ನಡೀರಿ ಲಗೂನ!”

ಮಕ್ಕಳು ಗಾಬರಿಯಾಗಿ ಹೊರಗೆ ಓಡಿದರು. ಅವನು ಮಗಳ ಮುಖ ನೋಡಿದ. ಅವಳ ಕೈಯಲ್ಲಿದ್ದ ಉಸಿರುಪಟ್ಟಿ ನೋಡಿದ. ಅದನ್ನು ತಾನೇ ತೆಗೆದುಕೊಂಡು ಮೂಗುಬಾಯಿಗೆ ಕಟ್ಟಿಕೊಂಡು, ಹೊರಗೆ ಬಂದು ಬೇವಿನ ಗಿಡದ ಬುಡದಲ್ಲಿ ಕೂತ. ಆಸ್ಪತ್ರೆಗೆ ಹೋದ ಮೇಲೆ ಒಂದು ತಾಸಿಗೆ ಅವಳ ಪಟ್ಟಿ ಶುದ್ಧ ಎಂದಿತು, ಅವನದರಿಂದ ಪರದೆಯ ನಡುವಿನ ಖಾಲಿ ಚುಕ್ಕೆ ತುಂಬಿತು. ಮೂರು ಕವಲು, ಹದಿಮೂರು ಗೆರೆ, ಒಂದಕ್ಷರವೂ ಆಚೀಚೆ ಇಲ್ಲ.

ನದಾಫ್ ಎಕ್ಸ್‌ರೇಯನ್ನು ಹೊಸದಾಗಿ ತೆಗೆಸಿ, ಧೂಳಿನ ಪಟ್ಟಿಯನ್ನು ಪಕ್ಕಕ್ಕಿಟ್ಟು ತಾವೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. “ಎಡಗಡೆ ಮ್ಯಾಲಿನ ಭಾಗ ಹೋಗೇತಿ. ಬಲಗಡಿದು ಉಳದೈತಿ. ಸಿಕ್ಕಾರಲ್ಲ, ಅಷ್ಟ ಸಾಕು. ಆರು ತಿಂಗಳು ಗುಳಿಗಿ ತಪ್ಪಸಲಿಲ್ಲಂದ್ರ ನಿಮ್ಮ ತಂದಿ ಉಳೀತಾರ. ಅಳಬ್ಯಾಡ್ರಿ, ಈಗ ಅಳೂದಲ್ಲ, ಕುಣಿಯೂದು.” ಹೀಗೆಂದವರೇ ಉಳಿದ ಮುನ್ನೂರ ತೊಂಬತ್ತೊಂಬತ್ತು ಜನರ ಎಕ್ಸ್‌ರೇಗಳನ್ನೂ ಮತ್ತೆ ತೆಗೆಸಲು ಅಲ್ಲಿಂದಲೇ ಫೋನ್ ಹಚ್ಚಿದರು.

ದ್ರಾಕ್ಷಾಯಣಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಆದರೆ ಪ್ರತ್ಯೇಕ ಕೋಣೆಯ ಮಂಚದ ಮೇಲೆ ಯಮನೂರಪ್ಪ ಗೋಡೆಗೆ ಮುಖ ಮಾಡಿ ಮಲಗಿದವನು ತಿರುಗಲೇ ಇಲ್ಲ.

“ಊರು ಬಿಡಸಬೇಕು ಅಂದಿದ್ದೆ ನಾ,” ಎಂದ ಗೋಡೆಗೆ. “ಕೂಸುಗಳಿಗೆ ಉಸರು ಹಿಡಿಯೂದು ಕಲಸಾಕ ಹೋಗಿ ಇದನ್ನ ಕೊಟ್ಟೆ. ಅವರ ಅಪ್ಪಂದಿರಿಗೆ ಹೆಂಗ ಮಾರಿ ತೋರಸಲಿ? ಯಾರಿಗೂ ಹೇಳಬ್ಯಾಡ ಯವ್ವಾ, ನಿನ್ನ ಕಾಲು ಬೀಳತೇನಿ.”

“ಯಾರಿಗೂ ಹೇಳೂದಿಲ್ಲ ಕಾಕಾ. ರೋಗಿ ಹೆಸರು ಹೊರಗ ಬಿಡಬಾರ್ದು ಅಂತ ಕಾನೂನ ಐತಿ. ನೀ ಗುಳಿಗಿ ನುಂಗು.”

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಗರಡಿಗೆ ಬರುವವರಲ್ಲಿ ಶಾಲೆಯ ಮಕ್ಕಳ ಲೆಕ್ಕ ಸಿಕ್ಕಿತ್ತು. ಇನ್ನೂ ಹನ್ನೊಂದು ಮಕ್ಕಳು ಕ್ರಷರ್ ಕ್ಯಾಂಪಿನವು ಎಂದ ಯಮನೂರಪ್ಪ. ಊರಾಚೆ ಜಲ್ಲಿ ಒಡೆಯುವ ಯಂತ್ರಗಳ ಸುತ್ತ ತಗಡಿನ ಶೆಡ್ಡುಗಳು. ಎಲ್ಲೆಲ್ಲಿಂದಲೋ ಬಂದ ಕೂಲಿ ಜನ. ಅವರ ಮಕ್ಕಳ ಹೆಸರು ಯಾವ ಶಾಲೆಯ ಹಾಜರಿಯಲ್ಲೂ ಇಲ್ಲ, ಯಾವ ಜೋಳಿಗೆಗೂ ಅವರ ಉಸಿರು ಗೊತ್ತಿಲ್ಲ. ಶನಿವಾರ ಬೆಳಿಗ್ಗೆ ನದಾಫ್ ಮತ್ತು ದ್ರಾಕ್ಷಾಯಣಿ ಜೀಪಿನಲ್ಲಿ ಹೋದರೆ, ಶೆಡ್ಡುಗಳ ಸಾಲಿನಲ್ಲಿ ಒಂದು ಮಗುವೂ ಇಲ್ಲ! ಹಗ್ಗದ ಮೇಲೆ ಪುಟ್ಟ ಪುಟ್ಟ ಅಂಗಿಗಳು ಒಣಗುತ್ತಿದ್ದವು, ಒಲೆಯ ಮುಂದೆ ಅರ್ಧ ಉಂಡ ತಾಟುಗಳಿದ್ದವು. “ಮಕ್ಕಳಾ? ಇಲ್ಲಿ ಯಾರೂ ಇಲ್ರಿ,” ಎಂದರು ದೊಡ್ಡವರು. ಸರಕಾರಿ ಜೀಪು ಕಂಡರೆ ಮಕ್ಕಳನ್ನು ಅಡಗಿಸಬೇಕೆಂದು ಗುತ್ತಿಗೆದಾರ ಹೆದರಿಸಿಟ್ಟಿದ್ದ. ಮಕ್ಕಳಿಂದ ಕಲ್ಲು ಹೊರಿಸುವುದು ಗೊತ್ತಾದರೆ ಎಲ್ಲರಿಗೂ ಜೈಲು ಎಂದು. ಗಂಟಲು ಹರಿಯುವಂತೆ ಕೂಗಿ ಇಬ್ಬರೂ ಬರಿಗೈಯಲ್ಲಿ ಮರಳಿದರು.

ದ್ರಾಕ್ಷಾಯಣಿ ಹೇಳಿದ್ದನ್ನು ಕೇಳಿ ಯಮನೂರಪ್ಪ ಮೊದಲ ಸಲ ಗೋಡೆಯಿಂದ ಈ ಕಡೆ ತಿರುಗಿದ.

“ಒಂದೂ ಬರಲಿಲ್ಲಾ?”

“ಒಂದೂ.”

“ನನ್ನ ಮಾತಿಗೆ ಬರತಾವ ಅವು. ನಿಮ್ಮ ಮಾತಿಗೆ ಯಾಕ ಬರತಾವ?” ಎದ್ದು ಕೂತ. ಆಮೇಲೆ ಗಾಜಿನಾಚೆ ನಿಂತಿದ್ದ ನದಾಫರ ಕಡೆ ನೋಡಿದ. “ಡಾಕ್ಟರವ್ವಾರ, ಆ ಕಾನೂನು ನನ್ನ ಹೆಸರು ನಾ ಹೇಳಿಕೊಂಡ್ರೂ ಅಡ್ಡ ಬರತೈತೇನ್ರಿ?”

ನದಾಫ್ ಗಾಜಿನ ಹತ್ತಿರ ಬಂದರು. “ಇಲ್ರಿ ಯಜಮಾನ್ರ. ಆದ್ರ ಒಮ್ಮೆ ಹೇಳಿದ್ರ ಹೊಳ್ಳಿ ಬಾಯಾಗ ಹಾಕ್ಕೊಳ್ಳಾಕ ಬರೂದಿಲ್ಲ.”

“ಬ್ಯಾಡ. ಫೋನು ಕೊಡ್ರಿ.”

ಊರಿಗೆಲ್ಲ ಮೈಕಿನಲ್ಲಿ ಕೇಳಿಸಲೆಂದು ಅವನು ಫೋನಿನಲ್ಲಿ ತನ್ನ ಮಾತು ಮುದ್ರಿಸಿದ. ನಡುವೆ ಮೂರು ಸಲ ಕೆಮ್ಮು ಬಂದು ಮಾತು ಕಡಿಯಿತು. ದ್ರಾಕ್ಷಾಯಣಿ ಕಣ್ಣೊರೆಸಿಕೊಂಡು, “ಕೆಮ್ಮಿದ್ದನ್ನ ತಗದ ಬಿಡತೇನಿ ಕಾಕಾ, ಎರಡು ನಿಮಿಷದ ಕೆಲಸ,” ಎಂದಳು.

“ತಗೀಬ್ಯಾಡ,” ಎಂದ ಯಮನೂರಪ್ಪ. “ಮೈಕಿನ್ಯಾಗ ಮಾತು ಯಾರದಾದ್ರೂ ಆಗಬಹುದು. ಕೆಮ್ಮು ಕೇಳಿದ್ರ ನಾನ ಅಂತ ಗುರ್ತು ಹಿಡೀತಾವ.”

ನಾಲ್ಕು ಗಂಟೆಗೆ ಬಜಾರಿನಿಂದ ಒಂದು ಟಂಟಂ ಹೊರಟಿತು, ಮೂರು ಗಾಲಿಯದು, ಮೇಲೆ ಧ್ವನಿವರ್ಧಕ ಕಟ್ಟಿತ್ತು. ಜೀಪು ಬೇಡವೆಂದು ದ್ರಾಕ್ಷಾಯಣಿ ಉಸಿರುಪಟ್ಟಿಗಳ ಚೀಲ ಹಿಡಿದು ಅದರಲ್ಲೇ ಕೂತಿದ್ದಳು. ಬಜಾರು, ಗುಡಿ, ಶಾಲೆ, ಕ್ವಾರಿ ರಸ್ತೆ, ದಾರಿಯುದ್ದಕ್ಕೂ ಅವನ ದನಿ ಗುಡುಗಿತು.

“ನಾ ಯಮನೂರಪ್ಪ. ಗರಡಿಯೊಳಗ ನಿಮ್ಮ ಮಕ್ಕಳಿಗೆ ಕುಸ್ತಿ ಹೇಳಿಕೊಡಾವ. ನನಗ ಟಿ.ಬಿ. ಆಗೇತಿ. ನನಗ ಗೊತ್ತಿರಲಿಲ್ಲ. ನನ್ನ ಉಸರಿನಿಂದ ಮಕ್ಕಳಿಗೆ ಹತ್ತೇತಿ. ಬೈರಿ, ಬೇಕಾದ್ರ ಬಂದು ಬಡೀರಿ, ಆಸ್ಪತ್ರ್ಯಾಗ ಅದೇನಿ. ಮಕ್ಕಳನ್ನ ಮಾತ್ರ ಮುಚ್ಚಿಡಬ್ಯಾಡ್ರಿ. ಗುಳಿಗಿ ನುಂಗಿದ್ರ ಪೂರಾ ಆರಾಮ ಆಗತೈತಿ. ಯಾರನ್ನೂ ಹಿಡಕೊಂಡ ಹೋಗೂದಿಲ್ಲ. ಈ ಗಾಡ್ಯಾಗ ಬಂದಾಕಿ ನನ್ನ ಮಗಳು...” ಅಲ್ಲಿ ಕೆಮ್ಮು. ಉದ್ದನೆಯ, ಎದೆ ಕಿತ್ತು ಬರುವ ಕೆಮ್ಮು. ಬಜಾರಿನಲ್ಲಿ ತಕ್ಕಡಿ ಹಿಡಿದವರು ಹಿಡಿದಂತೆಯೇ ನಿಂತರು. ಕ್ವಾರಿ ರಸ್ತೆಯಲ್ಲಿ ಫಕೀರಪ್ಪ ಸುತ್ತಿಗೆ ಕೆಳಗಿಟ್ಟು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಕ್ಯಾಂಪಿನಲ್ಲಿ ಮೊದಲ ಸುತ್ತಿಗೆ ಯಾರೂ ಹೊರಗೆ ಬರಲಿಲ್ಲ. ಎರಡನೇ ಸುತ್ತಿಗೆ ಜಲ್ಲಿಯ ರಾಶಿಯ ಹಿಂದಿನಿಂದ ಒಂದು ತಲೆ ಎದ್ದಿತು. “ಕಾಕಾ!” ಎಂದು ಚೀರಿತು. ಅಷ್ಟೇ ಸಾಕಾಯಿತು. ನೀರಿನ ಡ್ರಮ್ಮಿನ ಮರೆಯಿಂದ, ತಾಡಪಾಲಿನ ಕೆಳಗಿನಿಂದ, ಲಾರಿಯ ಗಾಲಿಗಳ ನಡುವಿನಿಂದ, ಎಲ್ಲಿದ್ದವೋ ಎಲ್ಲ ಓಡಿ ಬಂದು ಟಂಟಂ ಸುತ್ತ ಮುತ್ತಿಕೊಂಡವು. ತಾಯಂದಿರೂ ಹಿಂದೆಯೇ ಬಂದರು. ದ್ರಾಕ್ಷಾಯಣಿ ಒಬ್ಬೊಬ್ಬರಿಗೂ ಪಟ್ಟಿ ಕಟ್ಟುತ್ತ, ತಲೆ ಎಣಿಸುತ್ತ ಹೋದಳು. ಹನ್ನೊಂದು ಮುಗಿಯಿತು, ಮಕ್ಕಳು ಮುಗಿಯಲಿಲ್ಲ. ಹದಿನೇಳು!

ಫಲಿತಾಂಶ ಬರುತ್ತಲೇ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಹಚ್ಚಿದಳು.

“ಹದಿನೇಳು ಮಕ್ಕಳು ಬಂದ್ವು ಕಾಕಾ! ನಾಕು ಮಂದೀದು ಕೆಂಪು, ಇವತ್ತ ಗುಳಿಗಿ ಕೊಡತೇವಿ. ಉಳದದ್ದೆಲ್ಲಾ ಹಸಿರು. ಆದ್ರ ನೀ ಹನ್ನೊಂದ ಅಂದಿದ್ದಿ?”

ಆ ಕಡೆಯಿಂದ ಅವನ ದನಿ, ಬಹಳ ಸಣ್ಣಗೆ. “ಆರು ಸಣ್ಣವು ಇದ್ವು. ಬಾಗ್ಲದ ಸಂದ್ಯಾಗ ನಿಂತು ನೋಡತಿದ್ವು. ಅಂಗಿ ಹರದಿತ್ತು, ಒಳಗ ಬರಾಕ ನಾಚಿಕಿ. ನೋಡಿನೂ ನಾ ಬರ್ರಿ ಅಂತ ಒಮ್ಮೆಯೂ ಕರೀಲಿಲ್ಲ ಯವ್ವಾ. ಅವುಗಳದು ಏನಾತು?”

ದ್ರಾಕ್ಷಾಯಣಿ ಹರಿದ ಅಂಗಿಯ ಆರು ಸಣ್ಣ ಮಕ್ಕಳನ್ನು ಗುರುತಿಸಿ, ಜೊತೆಗೆ ತಂದ ಪರದೆ ನೋಡಿದಳು, ಮತ್ತೊಮ್ಮೆ ನೋಡಿದಳು. “ಆರೂ ಹಸಿರು.”

ಅವನು ಅತ್ತ. ಮುಚ್ಚಿಡದೆ, ಜೋರಾಗಿ ಅತ್ತ. ಅತ್ತು ಮುಗಿದ ಮೇಲೆ, “ಹೆಸರು ಕೇಳಿ ಇಟ್ಕೋ,” ಎಂದ. “ಆರಾಮಾಗಿ ಬಂದ ದಿನಾ ಗ್ವಾಡಿ ಒಡಿಸಿ ನಾಕು ಕಡೆ ಕಿಟಕಿ ಇಡಸತೇನಿ. ಮೊದಲ ಅವ್ರನ್ನ ಕರೀತೇನಿ.”

ದ್ರಾಕ್ಷಾಯಣಿ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಎದುರಿಗೆ ಕುಪ್ಪಳಿಸುತ್ತಿದ್ದ ಎಲ್ಲರಿಗಿಂತ ಸಣ್ಣ ಹುಡುಗಿಗೆ ನಿನ್ನ ಹೆಸರೇನು ಎಂದು ಕೇಳಿದಳು.